ಓವರಿ ತೆಗೆಸಿ ಆರು ವರ್ಷ, ಈಗ ಕೆಮ್ಮಿದ್ರೆ ಒದ್ದೆ. ತಂಗಿಗೆ ಎಂತ ಹೇಳುದು?

ಕಟಪಾಡಿಯವಳು · ಸೋಮವಾರ ರಾತ್ರಿ 10:12

ಹೆಸರು ಹಾಕುದಿಲ್ಲ. ವಯಸ್ಸು 46, ಮನೆ ಕಟಪಾಡಿ ಹತ್ರ, ಕೆಲಸ ಮಂಗ್ಳೂರಲ್ಲಿ, ದಿನಾ ಬಸ್ಸು.

ಅಮ್ಮ 52ಕ್ಕೆ ಓವರಿ ಕ್ಯಾನ್ಸರಲ್ಲಿ ಹೋದ್ರು. ಚಿಕ್ಕಮ್ಮ 49ಕ್ಕೆ. ರಕ್ತ ಪರೀಕ್ಷೆ ಮಾಡಿಸಿದಾಗ ನನಗೂ ಬಿಆರ್‌ಸಿಎ1 ಉಂಟು ಅಂತ ಬಂತು, ಅಂದ್ರೆ ಈ ಕ್ಯಾನ್ಸರಿನ ಅಪಾಯ ಏರಿಸುವ ಜೀನ್ ದೋಷ. 40 ತುಂಬಿದ ತಿಂಗಳೇ ಎರಡೂ ಓವರಿ, ಗರ್ಭಕೋಶಕ್ಕೆ ಹೋಗುವ ಎರಡೂ ಟ್ಯೂಬ್ ತೆಗೆಸಿದೆ. ಅದಕ್ಕೆ ಪಶ್ಚಾತ್ತಾಪ ಇಲ್ಲ, ಮೊದಲೇ ಹೇಳ್ತೇನೆ. ಅಮ್ಮನ ಹೊಟ್ಟೆಯಿಂದ ನೀರು ತೆಗೆಯುದನ್ನು ಎಂಟು ಸಲ ನೋಡಿದವಳು ನಾನು.

ಆಪರೇಷನ್ ಆದ್ಮೇಲೆ ಮೈ ಬಿಸಿ ಏರ್ತದೆ, ನಿದ್ದೆ ಬರುದಿಲ್ಲ, ಮೂಳೆಗೆ ಕ್ಯಾಲ್ಸಿಯಂ ತಗೊಳ್ಳಿ ಅಂತ ಎಲ್ಲ ಹೇಳಿದ್ರು. ಮೂತ್ರದ ವಿಷಯ ಒಬ್ಬರೂ ಬಾಯಿ ಬಿಡ್ಲಿಲ್ಲ. ಈಗ ಕೆಮ್ಮಿದ್ರೆ, ಜೋರು ನಕ್ಕರೆ, ಬಸ್ಸು ಹಂಪ್ ಹಾರಿದ್ರೆ ಒದ್ದೆ. ರಾತ್ರಿ ಮೂರು ಸಲ ಏಳ್ಬೇಕು. ವರ್ಷಕ್ಕೆ ಮೂರ್ನಾಲ್ಕು ಸಲ ಉರಿಮೂತ್ರ. ಪ್ರತಿ ಸಲ ಒಂದು ಚೀಟಿ, ಐದು ದಿನದ ಆಂಟಿಬಯೋಟಿಕ್. ಬ್ಯಾಗಲ್ಲಿ ಯಾವಾಗ್ಲೂ ಪ್ಯಾಡು, ಇನ್ನೊಂದು ಚಡ್ಡಿ, ಒಂದು ಪ್ಲಾಸ್ಟಿಕ್ ತೊಟ್ಟೆ. ತಿಳಿ ಬಣ್ಣದ ಚೂಡಿದಾರ ಹಾಕುದು ಬಿಟ್ಟು ನಾಲ್ಕು ವರ್ಷ ಆಯ್ತು. ಮದುವೆ ಹಾಲಲ್ಲಿ ಬಾಗಿಲ ಹತ್ರದ ಕುರ್ಚಿಯೇ ಆಗ್ಬೇಕು. ಸಂಜೆ ಬರುವಾಗ ತಡೆಯದಿದ್ರೆ ಮುಲ್ಕಿಯಲ್ಲಿ ಇಳಿದು, ಹೂ ತಗೊಳ್ಳಿಕ್ಕುಂಟು ಅಂತ ಜೊತೆಯವರಿಗೆ ಹೇಳಿ, ಮುಂದಿನ ಬಸ್ಸಿಗೆ ಹೋಗುದು.

ಪ್ರಶ್ನೆ ಇಷ್ಟೆ. ಇದು ಓವರಿ ತೆಗೆಸಿದ್ರಿಂದಲೇ ಆದದ್ದಾ? ಸರಿಯಾಗ್ತದಾ? ನನ್ನ ತಂಗಿಗೆ 37, ಅವಳಿಗೂ ಅದೇ ಜೀನ್. ಮುಂದಿನ ತಿಂಗಳು ಆಪರೇಷನ್ ಮಾಡಿಸ್ಕೊಳ್ತಾಳೆ. ಹೇಳಿದ್ರೆ ಹೆದರಿ ಬಿಟ್ಟುಬಿಡ್ತಾಳಾ ಅಂತ ಹೆದರಿಕೆ. ಹೇಳದಿದ್ರೆ ನಾಳೆ ನನ್ನನ್ನೇ ಕೇಳ್ತಾಳೆ.

ಬಸಳೆಬಳ್ಳಿ · 10:20

ನೀವು ಒಬ್ರೇ ಅಲ್ಲ ಅಕ್ಕ. ನಂದು ಓವರಿ ಸರಿಯಾಗೇ ಉಂಟು, ಆದ್ರೂ ಸೀನಿದ್ರೆ ಅದೇ ಕಥೆ.

ಕುಂದಾಪ್ರದ್ ಹೆಣ್ · 10:31

ಹ್ವಾಯ್ ಅಕ್ಕ, ನಾಚ್ಕಿ ಎಂತಕೆ? ನಮ್ ಅತ್ತಿ ಯಕ್ಷಗಾನ ಆಟ ಕಾಂಬುಕ್ ಹೋರೆ ಇಡೀ ರಾತ್ರಿ ಒಂದ್ ಲೋಟ ನೀರ್ ಕುಡಿತಿರ್ಲಿಲ್ಲೆ. ಕೇಂಡ್ರೆ "ಉಷ್ಣ ಆಯ್ತ್" ಅಂಬ್ರ್. ಉಷ್ಣವೂ ಅಲ್ಲ ಎಂತದೂ ಅಲ್ಲ, ಎದ್ ಹೋಪುಕೆ ಜಾಗ ಇರ್ಲಿಲ್ಲೆ, ಅಷ್ಟೇಯ.

ನೇರನುಡಿ ಮಂಗ್ಳೂರು · 10:44

ತಪ್ಪು ತಿಳ್ಕೊಳ್ಬೇಡಿ. ರೋಗವೇ ಇಲ್ಲದ ಅಂಗವನ್ನು ತೆಗೆಸುದು, ಮತ್ತೆ ತೊಂದರೆ ಆಯ್ತು ಅನ್ನುದು. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿದ್ರೆ ಸಾಕಿತ್ತಲ್ಲ? ಆ ಹಾಲಿವುಡ್ ನಟಿ ಮಾಡಿಸಿದ್ಳು ಅಂತ ಎಲ್ಲರೂ ಶುರು ಮಾಡಿದ್ದಾರೆ.

ಹಳೇ ಸ್ಟಾಫ್ ನರ್ಸ್ · 10:58

ನೇರನುಡಿಯವರೇ, ಸ್ಕ್ಯಾನಲ್ಲಿ ಸಿಗುವಂತಿದ್ರೆ ಯಾರು ಹೊಟ್ಟೆ ಕೊಯ್ಸಿಕೊಳ್ತಿದ್ರು ಹೇಳಿ? ಓವರಿ ಕ್ಯಾನ್ಸರ್ ಬೇಗ ಹಿಡಿಯುವ ನಂಬಿಕಸ್ತ ಪರೀಕ್ಷೆ ಇಲ್ಲ. ಸಿಎ-125 ಅನ್ನುವ ರಕ್ತ ಪರೀಕ್ಷೆ ಆಗ್ಲಿ ಸ್ಕ್ಯಾನ್ ಆಗ್ಲಿ, ಅದರಿಂದ ಜೀವ ಉಳಿಯುದು ಹೆಚ್ಚಿದೆ ಅಂತ ತೋರಿಲ್ಲ. ಬಿಆರ್‌ಸಿಎ1 ಇದ್ದವರಲ್ಲಿ 100ರಲ್ಲಿ ಸುಮಾರು 40 ಮಂದಿಗೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರ್ತದೆ. ಸಾಮಾನ್ಯರಲ್ಲಿ 100ಕ್ಕೆ ಒಬ್ಬರ ಆಸುಪಾಸು. ತೆಗೆಸಿದ್ರೆ ಅಪಾಯ 80 ಶೇಕಡಾದಷ್ಟು ಇಳೀತದೆ. ಬಿಆರ್‌ಸಿಎ1ಕ್ಕೆ 35ರಿಂದ 40ರ ಒಳಗೆ, ಬಿಆರ್‌ಸಿಎ2ಕ್ಕೆ 40ರಿಂದ 45ರ ಒಳಗೆ, ಮಕ್ಕಳು ಸಾಕು ಅಂತ ಆದ್ಮೇಲೆ, ಅನ್ನುದು ಪ್ರಪಂಚದಲ್ಲೆಲ್ಲ ಒಪ್ಪಿದ ಲೆಕ್ಕ. ಆಂಜೆಲಿನಾ ಜೋಲಿ ಓವರಿ ತೆಗೆಸಿದ್ದು 2015ರಲ್ಲಿ. ಅದಕ್ಕೂ ಎಷ್ಟೋ ಮೊದಲಿಂದ ಈ ಆಪರೇಷನ್ ಉಂಟು. ಅವಳ ತಾಯಿಗೂ ಅದೇ ಕ್ಯಾನ್ಸರ್ ಆಗಿತ್ತು, ಶೋಕಿಗೆ ಮಾಡಿಸಿದ್ದಲ್ಲ.

ಈಗ ಕಟಪಾಡಿಯವರ ಪ್ರಶ್ನೆಗೆ. ಮುಟ್ಟು ತಾನಾಗಿ ನಿಲ್ಲುದಾದ್ರೆ ಹಾರ್ಮೋನು ನಾಲ್ಕೈದು ವರ್ಷದಲ್ಲಿ ಮೆಲ್ಲ ಇಳೀತದೆ. ನಿಮಗೆ ಒಂದೇ ಬೆಳಿಗ್ಗೆ ಇಳೀತು. ಈಸ್ಟ್ರೊಜೆನ್ ಅನ್ನುವ ಆ ಹಾರ್ಮೋನು ಬೇಕಾದ್ದು ಗರ್ಭಕೋಶಕ್ಕೆ ಮಾತ್ರ ಅಲ್ಲ. ಯೋನಿ, ಮೂತ್ರನಾಳ, ಮೂತ್ರಚೀಲದ ಬುಡ, ಅಡಿಯಲ್ಲಿ ಹಿಡಿದಿರುವ ಸ್ನಾಯು, ಎಲ್ಲದಕ್ಕೂ ಬೇಕು. ಅದು ಹೋದಾಗ ಒಳಪದರ ತೆಳ್ಳಗಾಗಿ ಒಣಗ್ತದೆ. ಅಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾ, ಮೊಸರಿನಲ್ಲಿ ಇರ್ತದಲ್ಲ ಆ ಜಾತಿಯದ್ದು, ಕಡಿಮೆ ಆಗ್ತದೆ. ಹುಳಿ ಅಂಶ ಹೋದ ಜಾಗಕ್ಕೆ ಕರುಳಿನ ಬ್ಯಾಕ್ಟೀರಿಯಾ ಬಂದು ಕೂರ್ತದೆ. ನಿಮ್ಮ ಉರಿಮೂತ್ರ ಪದೇ ಪದೇ ಬರುದಕ್ಕೆ ಇದೇ ದಾರಿ ಇರ್ಬೇಕು. ಈ ಒಟ್ಟು ತೊಂದರೆಗೆ ಡಾಕ್ಟರುಗಳು ಒಂದು ಹೆಸರು ಅಂತ ಒಪ್ಪಿಕೊಂಡದ್ದೇ 2014ರಲ್ಲಿ. ಅಲ್ಲಿವರೆಗೆ "ಒಣಗುವಿಕೆ" ಅಂತ ಹೆಚ್ಚಾಗಿ ಬರೀತಿದ್ರು, ಮೂತ್ರದ ಮಾತೇ ಆ ಹೆಸರಲ್ಲಿ ಇರ್ಲಿಲ್ಲ. ಹಾಗಿರುವಾಗ ನಿಮಗೆ ಯಾರು ಹೇಳ್ಬೇಕು?

ನೇರನುಡಿ ಮಂಗ್ಳೂರು · 11:03

ಸ್ಕ್ಯಾನ್ ವಿಷಯ ಗೊತ್ತಿರ್ಲಿಲ್ಲ. ಆದ್ರೂ ನನ್ನ ಅಭಿಪ್ರಾಯ ನನ್ನದು.

ಕುಂದಾಪ್ರದ್ ಹೆಣ್ · 11:05

ಇಟ್ಕಣಿ, ಯಾರೂ ಕೇಂಬುದಿಲ್ಲೆ.

ಫಿಸಿಯೊ ಕದ್ರಿ · ಮಂಗಳವಾರ ಬೆಳಿಗ್ಗೆ 7:15

ನರ್ಸ್ ಅಕ್ಕ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಉರಿ, ಒಣಗುದು, ಪದೇ ಪದೇ ಇನ್‌ಫೆಕ್ಷನ್, ಇದಕ್ಕೆ ಹಾರ್ಮೋನು ಹೋದದ್ದು ನೇರ ಕಾರಣ ಅನ್ನಬಹುದು. ಕೆಮ್ಮಿದಾಗ ಸೋರುದಕ್ಕೆ ಪೂರ್ತಿ ಹೊಣೆ ಓವರಿಯ ಮೇಲೆ ಹಾಕ್ಬೇಡಿ. ಎಷ್ಟು ಹೆರಿಗೆ ಆಗಿದೆ, ಮಗು ಎಷ್ಟು ತೂಕ ಇತ್ತು, ಮಲಬದ್ಧತೆ ಉಂಟಾ, ಮೈತೂಕ ಏರಿದೆಯಾ, ಹಳೇ ಕೆಮ್ಮು ಉಂಟಾ, ಎಲ್ಲ ಸೇರ್ತದೆ. ಬಸಳೆಬಳ್ಳಿಯವರದ್ದೇ ನೋಡಿ, ಓವರಿ ಉಂಟು, ಸೋರ್ತದೆ.

ಇನ್ನು, ಸೋರುದರಲ್ಲೂ ಎರಡು ಬಗೆ. ಕೆಮ್ಮು, ನಗು, ಹಂಪ್: ಅದು ಒತ್ತಡಕ್ಕೆ ಬಾಗಿಲು ಹಿಡಿಯದೆ ಸೋರುದು. ಗೇಟಿನ ಬೀಗಕ್ಕೆ ಕೀ ಹಾಕುವಾಗಲೇ ಅವಸರ ಆಗಿ ಹೋಗುದು ಬೇರೆ, ಅದು ಚೀಲವೇ ಹೇಳದೆ ಕೇಳದೆ ಹಿಂಡುದು. ಮದ್ದು ಬೇರೆ ಬೇರೆ. ನಿಮಗೆ ಎರಡೂ ಇದ್ದ ಹಾಗೆ ಕಾಣ್ತದೆ.

ಮೊದಲನೆಯದಕ್ಕೆ ಕೆಗೆಲ್, ಅಂದ್ರೆ ಅಡಿಯ ಸ್ನಾಯು ಬಿಗಿ ಮಾಡಿ ಬಿಡುವ ವ್ಯಾಯಾಮ. 1948ರಲ್ಲಿ ಆ ಹೆಸರಿನ ಡಾಕ್ಟರು ಬರೆದದ್ದು, ಇವತ್ತಿಗೂ ಮೊದಲ ಚಿಕಿತ್ಸೆ ಅದೇ. ಆದ್ರೆ ನನ್ನ ಹತ್ರ ಬರುವವರಲ್ಲಿ "ನಾನು ಮಾಡ್ತಿದ್ದೇನೆ, ಪ್ರಯೋಜನ ಇಲ್ಲ" ಅನ್ನುವವರೇ ಜಾಸ್ತಿ. ನೋಡಿದ್ರೆ ಕುಂಡಿ ಬಿಗಿ ಮಾಡ್ತಾರೆ, ಹೊಟ್ಟೆ ಒಳಗೆ ಎಳೀತಾರೆ, ಉಸಿರು ಕಟ್ತಾರೆ. ಕೆಲವರಂತೂ ಕೆಳಗೆ ಮುಕ್ಕುತ್ತಾರೆ, ಅಂದ್ರೆ ತದ್ವಿರುದ್ಧ. ಬಸ್ಸಲ್ಲಿ ಹೂಸು ಬರ್ತದೆ, ಪಕ್ಕದಲ್ಲಿ ಪರಿಚಯದವರು ಕೂತಿದ್ದಾರೆ. ಆಗ ಯಾವುದನ್ನು ಮೇಲಕ್ಕೆ ಎಳ್ಕೊಳ್ತೀರಿ? ಅದು. ಮುಖದಲ್ಲಿ ಗೊತ್ತಾಗ್ಬಾರದು. 8–10 ಸಲ, ಪ್ರತಿ ಸಲ ನಿಮಗೆ ಆದಷ್ಟು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಟ್ಟು, ದಿನಕ್ಕೆ ಮೂರು ಹೊತ್ತು. ಮೂರು ತಿಂಗಳು ಆಗದೆ ಪ್ರಯೋಜನ ಇಲ್ಲ ಅಂತ ಹೇಳುವ ಹಾಗಿಲ್ಲ. ಮೂತ್ರ ಅರ್ಧಕ್ಕೆ ನಿಲ್ಲಿಸಿ ಅಭ್ಯಾಸ ಮಾಡುದು ಬೇಡ, ಚೀಲ ಪೂರ್ತಿ ಖಾಲಿ ಆಗದೆ ಉಳೀತದೆ.

ಇನ್ನೊಂದು ಉಪಾಯ, ಇದು ಬೇಗ ಸಿಕ್ತದೆ: ಕೆಮ್ಮು ಬರ್ತದೆ ಅಂತ ಗೊತ್ತಾದ ಕೂಡ್ಲೇ ಮೊದಲು ಬಿಗಿ, ಮತ್ತೆ ಕೆಮ್ಮು.

ಬಸಳೆಬಳ್ಳಿ · 7:22

ಇದನ್ನು ಓದ್ತಾ ಎಲ್ಲರೂ ಈಗ ಬಿಗಿ ಮಾಡ್ತಿದ್ದೀರಿ ಅಂತ ನಂಗೆ ಗೊತ್ತುಂಟು.

ಮೂಡುಬಿದಿರೆ ಟೀಚರ್ · 7:40

😂 ಸ್ಟಾಫ್ ರೂಮಲ್ಲಿ ಕೂತು ಮಾಡ್ತಿದ್ದೇನೆ, ಹೌದು.

ಒಂದು ಮಾತು ಸೇರಿಸ್ತೇನೆ. ನಾನು 22 ವರ್ಷ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಐದರವರೆಗೆ ತಡೆದಿಟ್ಟವಳು. ಮೊದಲ ಶಾಲೆಯಲ್ಲಿ ಟೀಚರುಗಳಿಗೆ ಕಕ್ಕುಸು ಇತ್ತು, ಬಾಗಿಲಿಗೆ ಚಿಲಕ ಇರ್ಲಿಲ್ಲ. ಒಬ್ಬರು ಒಳಗೆ, ಒಬ್ಬರು ಹೊರಗೆ ಬಾಗಿಲು ಹಿಡ್ಕೊಳ್ಳುದು. ಪೀರಿಯಡ್ ಸಿಗದಿದ್ರೆ ಆಯ್ತು. ನೀರು ಕುಡಿಯದೇ ಇರುದು ಒಂದು ಶಿಸ್ತು ಅಂತ ಅಂದ್ಕೊಂಡಿದ್ವಿ.

ಹಂಪನಕಟ್ಟೆ ಹರಟೆ · 8:05

ನೀರು ಕಡಿಮೆ ಕುಡಿದ್ರೆ ಸೋರುದೂ ಕಡಿಮೆ ಅಲ್ವಾ? ನಾನು ಹಾಗೇ ಮ್ಯಾನೇಜ್ ಮಾಡ್ತೇನೆ. ಮತ್ತೆ ನನ್ನ ಅಕ್ಕನಿಗೆ ಹಾರ್ಮೋನ್ ಮಾತ್ರೆ ಕೊಟ್ಟಿದ್ದಾರೆ, ಎಲ್ಲದಕ್ಕೂ ಅದೇ ಸಾಕು ಅಂತ ಹೇಳಿದ್ರಂತೆ.

ಹಳೇ ಸ್ಟಾಫ್ ನರ್ಸ್ · 8:30

ನೀರು ಕಡಿಮೆ ಮಾಡಿದ್ರೆ ಮೂತ್ರ ಗಟ್ಟಿಯಾಗಿ ಚೀಲಕ್ಕೆ ಇನ್ನೂ ಕೆರಳಿಕೆ, ಇನ್‌ಫೆಕ್ಷನ್‌ಗೂ ದಾರಿ. ಕಡಿಮೆ ಮಾಡುದಾದ್ರೆ ಚಾ ಕಾಫಿ ಮಾಡಿ. ರಾತ್ರಿ ಮಲಗುವ ಎರಡು ಗಂಟೆ ಮೊದಲು ನೀರು ನಿಲ್ಸಿ.

ಹಾರ್ಮೋನ್ ಮಾತ್ರೆ "ಎಲ್ಲದಕ್ಕೂ" ಅಲ್ಲ. 40ಕ್ಕೆ ಓವರಿ ಹೋದವರಿಗೆ, ಸ್ತನ ಕ್ಯಾನ್ಸರ್ ಆಗಿಲ್ಲದಿದ್ರೆ, ತಾನಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುದುಂಟು. ಮೂಳೆಗೆ, ಹೃದಯಕ್ಕೆ, ನಿದ್ದೆಗೆ ಒಳ್ಳೆದು. ಆದ್ರೆ ಸೋರುದಕ್ಕೆ ಅಂತ ನುಂಗುವ ಮಾತ್ರೆ ಕೊಡುದಲ್ಲ. ಅಮೆರಿಕದ ದೊಡ್ಡ ಅಧ್ಯಯನ ಒಂದು 2005ರಲ್ಲಿ ಪ್ರಕಟವಾಯ್ತು. ಮುಟ್ಟು ನಿಂತ ಹಿರಿ ಹೆಂಗಸರಿಗೆ ಮಾತ್ರೆ ಕೊಟ್ಟು ನೋಡಿದ್ರೆ ಸೋರುದು ಕಡಿಮೆ ಆಗುದು ಬಿಟ್ಟು ಹೆಚ್ಚೇ ಆಗಿತ್ತು.

ಕೆಲಸ ಮಾಡುದು ಕ್ರೀಮು. ಎಸ್ಟ್ರಿಯೋಲ್ ಅಂತ, ಈಸ್ಟ್ರೊಜೆನ್ ಜಾತಿಯದ್ದೇ, ಯೋನಿಯ ಒಳಗೆ ಹಚ್ಚುವಂಥದ್ದು. ಎರಡು ವಾರ ದಿನಾ ರಾತ್ರಿ, ಮತ್ತೆ ವಾರಕ್ಕೆ ಎರಡು ಸಲ. 1993ರಲ್ಲಿ ಇಸ್ರೇಲಿನಲ್ಲಿ 93 ಹೆಂಗಸರ ಮೇಲೆ ಪರೀಕ್ಷೆ ಆಯ್ತು, ಎಲ್ಲರಿಗೂ ಪದೇ ಪದೇ ಇನ್‌ಫೆಕ್ಷನ್ ಆಗ್ತಿತ್ತು. ಖಾಲಿ ಕ್ರೀಮು ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಬಂತು, ಎಸ್ಟ್ರಿಯೋಲ್ ಹಚ್ಚಿದವರಿಗೆ 0.5. ಈ ಅಂಕಿ ನಾನು ನರ್ಸಿಂಗ್ ಹುಡುಗಿಯರಿಗೆ ಬಾಯಿಪಾಠ ಮಾಡಿಸ್ತಿದ್ದೆ.

ಹಂಪನಕಟ್ಟೆ ಹರಟೆ · 8:41

ಬಿಆರ್‌ಸಿಎ ಇದ್ದವರಿಗೆ ಹಾರ್ಮೋನ್ ಕ್ರೀಮಾ! ಇದು ಕ್ಯಾನ್ಸರನ್ನು ಮನೆಗೆ ಕರ್ದು ಕೂರಿಸಿದ ಹಾಗೆ ಅಲ್ವಾ? ಪೆಟ್ಟಿಗೆಯ ಒಳಗಿನ ಚೀಟಿ ಓದಿದ್ರೆ ತಲೆ ತಿರುಗ್ತದೆ.

ಹಳೇ ಸ್ಟಾಫ್ ನರ್ಸ್ · 8:49

ಚೀಟಿ ಬರೆದದ್ದು ಮಾತ್ರೆಯ ಭಯವನ್ನೇ ಕ್ರೀಮಿಗೂ ಅಂಟಿಸಿ. ವಾರಕ್ಕೆರಡು ಸಲ ಹಚ್ಚಿದ್ದು ರಕ್ತಕ್ಕೆ ಸೇರುದು ತೀರಾ ಅಲ್ಪ. ಜೀನ್ ಮಾತ್ರ ಇದ್ದು ಕ್ಯಾನ್ಸರ್ ಆಗಿಲ್ಲದವರಿಗೆ ಡಾಕ್ಟರುಗಳು ಧಾರಾಳ ಬರೀತಾರೆ.

ಬಜ್ಪೆ ಬಾಯಿ · 9:30

ನನಗೆ ಕ್ಯಾನ್ಸರ್ ಆಗಿಯೇ ಓವರಿ ತೆಗೆದದ್ದು, ಹಾಗಾಗಿ ನಾನು ಮಾತಾಡ್ತೇನೆ. ಎಡಗಡೆ ಸ್ತನ, 44ಕ್ಕೆ. ಈಗ ಹಾರ್ಮೋನು ತಡೆಯುವ ಮಾತ್ರೆ ನಡೀತಾ ಉಂಟು. ನಮ್ಮಂಥವರಿಗೆ ಕ್ರೀಮು ತಾನೇ ತಗೊಂಡು ಹಚ್ಚುದಲ್ಲ, ಆಂಕಾಲಜಿಯವರನ್ನು ಕೇಳಿಯೇ. ನನಗೆ ಮೊದಲು ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಕೊಟ್ರು, ವಾರಕ್ಕೆ ಮೂರು ಸಲ. ಅರ್ಧ ಗುಣ ಆಯ್ತು. ಉಳಿದರ್ಧಕ್ಕೆ ಎಂತ ಮಾಡುದು ಅಂತ ಕೇಳಿದ್ದಕ್ಕೆ ಡಾಕ್ಟರು ಕಂಪ್ಯೂಟರ್ ನೋಡ್ತಾ "ಏಜ್ ಆಯ್ತಲ್ಲ" ಅಂದ್ರು. ನಾನು "ಡಾಕ್ಟ್ರೇ, ನಿಮ್ಮದೂ ನಂದೂ ಒಂದೇ ಏಜ್" ಅಂದೆ. ಆಮೇಲೆ ಫಿಸಿಯೊಗೆ ಬರೆದು ಕೊಟ್ರು.

ಕುಂದಾಪ್ರದ್ ಹೆಣ್ · 9:33

ಬಾಯಿ, ನಿಮ್ ಕಾಲಿಗ್ ಬೀಳ್ತೆ.

ಲ್ಯಾಬಿನವನು · 11:10

ಗಂಡಸು ಬಂದೆ ಅಂತ ಬೈಬೇಡಿ, ಇದು ನನ್ನ ಕೆಲಸದ ವಿಷಯ. ಕಟಪಾಡಿ ಅಕ್ಕ, ಪ್ರತಿ ಸಲ ಚೀಟಿ, ಆಂಟಿಬಯೋಟಿಕ್ ಅಂದ್ರಿ. ಕಲ್ಚರ್, ಅಂದ್ರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೀತದಾ ಅಂತ ನೋಡುವ ಪರೀಕ್ಷೆ, ಒಮ್ಮೆಯಾದ್ರೂ ಮಾಡಿಸಿದ್ದಾರಾ? ಮಾಮೂಲಿ ಯೂರಿನ್ ಟೆಸ್ಟಲ್ಲಿ ನಾಲ್ಕು ಪಸ್ ಸೆಲ್, ಅಂದ್ರೆ ಕೀವಿನ ಕಣ, ಕಂಡ ಕೂಡ್ಲೇ ಇನ್‌ಫೆಕ್ಷನ್ ಅಲ್ಲ. ಒಣಗಿದ್ರಿಂದಲೂ ಉರೀತದೆ, ಅದಕ್ಕೆ ಆಂಟಿಬಯೋಟಿಕ್ ಕೊಟ್ಟು ಪ್ರಯೋಜನ ಇಲ್ಲ.

ಮೊದಲ ಮಾತ್ರೆ ನುಂಗುವ ಮೊದಲೇ ಸ್ಯಾಂಪಲ್ ಕೊಡ್ಬೇಕು. ಶುರುವಿನದ್ದು ಬಿಟ್ಟು ಮಧ್ಯದ್ದು ಹಿಡಿಬೇಕು. ಮನೆಯಿಂದ ಹಾರ್ಲಿಕ್ಸ್ ಬಾಟ್ಲಿಯಲ್ಲಿ ತರ್ತಾರೆ ಮಾರಾಯ್ರೆ, ಬೆಳಿಗ್ಗೆ ಆರಕ್ಕೆ ಹಿಡಿದದ್ದು ಹನ್ನೊಂದಕ್ಕೆ, ಈ ಸೆಕೆಗೆ! ಅದರಲ್ಲಿ ಬೆಳೆಯದೇ ಇದ್ದದ್ದು ಯಾವುದು? ಲ್ಯಾಬಲ್ಲೇ ಡಬ್ಬಿ ಕೇಳಿ, ಅಲ್ಲೇ ಕೊಡಿ. ಇನ್ನೊಂದು, ಮೂತ್ರ ಕೆಂಪಾದ್ರೆ ಅದಕ್ಕೆ ಓವರಿ ಕಥೆ ಹೇಳಿ ಕೂರ್ಬೇಡಿ, ನೋವಿರ್ಲಿ ಇಲ್ಲದಿರ್ಲಿ ತೋರಿಸ್ಬೇಕು.

ಪುನರ್ಪುಳಿ ಪ್ರಿಯ · 12:20

ಇದಕ್ಕೆಲ್ಲ ಬಾರ್ಲಿ ನೀರು, ಬೊಂಡ (ಎಳನೀರು), ಪುನರ್ಪುಳಿ ಶರಬತ್ತು. ನಮ್ಮ ಅಜ್ಜಿಗೆ ಯಾವ ಕ್ರೀಮು ಇತ್ತು?

ಬಸಳೆಬಳ್ಳಿ · 12:26

ನಿಮ್ಮ ಅಜ್ಜಿ ನಿಮಗೆ ಹೇಳ್ತಿದ್ರಾ?

ಮೂಡುಬಿದಿರೆ ಟೀಚರ್ · 12:31

ನಮ್ಮ ಅಜ್ಜಿ ಮಲಗುವ ಚಾಪೆ ದಿನಾ ಬಿಸಿಲಿಗೆ ಹಾಕ್ತಿದ್ರು. ಮಕ್ಕಳೆಲ್ಲ ಅಜ್ಜಿಗೆ ಚೊಕ್ಕ ಜಾಸ್ತಿ ಅಂದ್ಕೊಂಡಿದ್ವಿ. ಈಗ ಇದನ್ನು ಓದುವಾಗ ಹೊಳೀತು.

ಪುನರ್ಪುಳಿ ಪ್ರಿಯ · 12:40

ಆಯ್ತು ಆಯ್ತು. ಶರಬತ್ತಿಗೆ ಸಕ್ಕರೆ ಬದಲು ಬೆಲ್ಲ ಹಾಕಿ, ಅಷ್ಟಾದ್ರೂ ಕೇಳಿ.

ಹಳೇ ಸ್ಟಾಫ್ ನರ್ಸ್ · 12:52

ಬೊಂಡ ಕುಡಿಯಿರಿ, ಬೇಡ ಅನ್ನುದಿಲ್ಲ, ನೀರೇ ತಾನೆ. ಹುಳಿ ಶರಬತ್ತು ಕೆಲವರ ಚೀಲಕ್ಕೆ ಕೆರಳ್ತದೆ, ನೋಡ್ಕೊಂಡು. ಸಕ್ಕರೆ ಕಾಯಿಲೆ ಉಂಟಾ ಅಂತ ಮೊದಲು ನೋಡಿಸಿ, ರಾತ್ರಿ ಮೂರು ಸಲ ಏಳುದಕ್ಕೆ ಅದೂ ಒಂದು ಕಾರಣ.

ಹಂಪನಕಟ್ಟೆ ಹರಟೆ · 1:15

ಈಗ ಟ್ಯೂಬ್ ಮಾತ್ರ ತೆಗೆದು ಓವರಿ ಇಟ್ಕೊಳ್ಳುವ ಆಪರೇಷನ್ ಬಂದಿದೆಯಂತೆ? ತಂಗಿಗೆ ಅದೇ ಮಾಡಿಸಿದ್ರೆ ಎರಡೂ ಆಯ್ತಲ್ಲ.

ಫಿಸಿಯೊ ಕದ್ರಿ · 1:48

ಈ ಕ್ಯಾನ್ಸರು ಹೆಚ್ಚಾಗಿ ಟ್ಯೂಬಿನ ತುದಿಯಲ್ಲೇ ಶುರುವಾಗ್ತದೆ ಅಂತ ಗೊತ್ತಾದ ಮೇಲೆ ಆ ವಿಚಾರ ಬಂತು. ಮೊದಲು ಟ್ಯೂಬ್, ಕೆಲವು ವರ್ಷ ಬಿಟ್ಟು ಓವರಿ. ಹಾಲೆಂಡಿನಲ್ಲಿ, ಅಮೆರಿಕದಲ್ಲಿ ಪರೀಕ್ಷೆ ನಡೀತಾ ಉಂಟು. ಅಷ್ಟೇ ಕಾಪಾಡ್ತದಾ ಅಂತ ಹೇಳ್ಲಿಕ್ಕೆ ಇನ್ನೂ ವರ್ಷಗಳು ಬೇಕು. ಇಬ್ಬರು ಹೋದ ಮನೆಯ ಬಿಆರ್‌ಸಿಎ1 ಹುಡುಗಿಗೆ ನಾವಿಲ್ಲಿ ಕೂತು ಸಲಹೆ ಕೊಡುದು ಬೇಡ.

ಕೊಡುದಾದ್ರೆ ಇಷ್ಟು ಕೊಡಿ: ಆಪರೇಷನ್ನಿಗೆ ಮೊದಲೇ ಹಾರ್ಮೋನಿನ ಮಾತು ಮುಗಿಸಿ ಬರ್ಲಿ. ಕೆಗೆಲ್ ಈಗಲೇ ಕಲೀಲಿ.

ಕಟಪಾಡಿಯವಳು · ಏಳು ವಾರದ ನಂತರ, ಭಾನುವಾರ ಸಂಜೆ 6:20

ಎಲ್ಲರಿಗೂ ದೊಡ್ಡ ನಮಸ್ಕಾರ. ಬರೀಲಿಕ್ಕೆ ತಡ ಆಯ್ತು.

ಕಲ್ಚರ್ ಮಾಡಿಸಿದೆ, ಮಾತ್ರೆಗೆ ಮೊದಲೇ. ಎಂತದೂ ಬೆಳೀಲಿಲ್ಲ! ಅಂದ್ರೆ ಆ ಸಲದ ಉರಿ ಇನ್‌ಫೆಕ್ಷನ್ನೇ ಅಲ್ಲ. ಆರು ವರ್ಷದಲ್ಲಿ ಎಷ್ಟು ಆಂಟಿಬಯೋಟಿಕ್ ಸುಮ್ಮನೆ ನುಂಗಿದ್ದೇನೋ ದೇವರಿಗೇ ಗೊತ್ತು. ಶುಗರ್ ಇಲ್ಲ. ಒಂದಕ್ಕೆ ಹೋಗಿ ಬಂದ ಮೇಲೆ ಸ್ಕ್ಯಾನ್ ಮಾಡಿ ಚೀಲ ಪೂರ್ತಿ ಖಾಲಿ ಆಗ್ತದೆ ಅಂತ ನೋಡಿದ್ರು.

ಹೊಸ ಡಾಕ್ಟರು ಮೂರು ದಿನದ ಲೆಕ್ಕ ಬರೀಲಿಕ್ಕೆ ಹೇಳಿದ್ರು. ಎಷ್ಟು ಕುಡಿದೆ, ಎಷ್ಟು ಹೋಯ್ತು, ಯಾವಾಗ ಸೋರಿತು. ಹಳೇ ಪ್ಲಾಸ್ಟಿಕ್ ಮಗ್‌ಗೆ ಮಾರ್ಕರಲ್ಲಿ ನೂರು ನೂರು ಮಿಲಿಗೆ ಗೆರೆ ಹಾಕಿದೆ. ಯಜಮಾನರು ಗೊತ್ತಾಗದೆ ಅದನ್ನೇ ಹೂಗಿಡಕ್ಕೆ ನೀರು ಹಾಕ್ಲಿಕ್ಕೆ ತಗೊಂಡು ಹೋದ್ರು, ಅದು ಬೇರೆ ಕಥೆ. ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕ ನೋಡಿದ್ರೆ ದಿನಕ್ಕೆ ಆರು ಚಾ. ರಾತ್ರಿ ಮಲಗುವ ಮೊದಲಿನದ್ದನ್ನು ನಾನು ಚಾ ಅಂತ ಲೆಕ್ಕವೇ ಹಿಡೀತಿರ್ಲಿಲ್ಲ. ಮತ್ತೆ "ಬಸ್ಸು ಹತ್ತುವ ಮೊದಲು ಸುಮ್ಮನೆ ಒಮ್ಮೆ" ಅಂತ ಹೋಗುದು, ಆಫೀಸಿಂದ ಹೊರಡುವಾಗ ಇನ್ನೊಮ್ಮೆ. ನೂರು ಮಿಲಿಗೇ ಓಡಿ ಓಡಿ ಚೀಲಕ್ಕೆ ಅದೇ ಅಭ್ಯಾಸ ಆಗಿದೆ ಅಂದ್ರು. ಈಗ ಅವಸರ ಆದ್ರೆ ಐದು ನಿಮಿಷ ತಡೆದು ಹೋಗುದು, ಪ್ರತಿ ವಾರ ಐದೈದು ನಿಮಿಷ ಹೆಚ್ಚು. ಸಾಲದಿದ್ರೆ ಚೀಲ ಶಾಂತ ಮಾಡುವ ಮಾತ್ರೆ ಉಂಟಂತೆ, ಈಗಲೇ ಬೇಡ ಅಂದ್ರು.

ಕ್ರೀಮು ಶುರು ಮಾಡಿದೆ. ಮೊದಲ ವಾರ ಸ್ವಲ್ಪ ಉರಿ, ಈಗ ಇಲ್ಲ. ರಾತ್ರಿ ಮೂರು ಸಲ ಇದ್ದದ್ದು ಒಂದು, ಕೆಲವು ದಿನ ಎರಡು. ಕೆಗೆಲ್ ಇಷ್ಟು ವರ್ಷ ತಪ್ಪೇ ಮಾಡ್ತಿದ್ದೆ, ಫಿಸಿಯೊ ಹೇಳಿದ ಹಾಗೆ ಕುಂಡಿಯದ್ದೇ ವ್ಯಾಯಾಮ. ಕೆಮ್ಮಿದಾಗ ಈಗಲೂ ಒಂದೆರಡು ಹನಿ. ಮೊನ್ನೆ ಪಡುಬಿದ್ರಿ ದಾಟಿದ ಮೇಲೆ ಕೆಮ್ಮು ಬಂತು, ಮೊದಲು ಬಿಗಿ ಹಿಡಿದೆ. ಮನೆಗೆ ಬಂದು ನೋಡಿದ್ರೆ ಪ್ಯಾಡ್ ಒಣ. ಒಂದು ಸಲ ಅಷ್ಟೇ, ಮರುದಿನ ಪುನಃ ಆಯ್ತು.

ತಂಗಿಗೆ ಹೇಳ್ಲಿಕ್ಕೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅವಳ ಮಗನ ಪರೀಕ್ಷೆ ವಿಷಯ ಮಾತಾಡಿ ಇಟ್ಟೆ. ಅವಳ ಡೇಟ್ ಒಂದು ತಿಂಗಳು ಮುಂದೆ ಹೋಗಿ ಈಗ ಬರುವ ಗುರುವಾರಕ್ಕೆ ಬಂದಿದೆ. ಇವತ್ತು ಮಧ್ಯಾಹ್ನ ಧೈರ್ಯ ಮಾಡಿ ಇದೇ ಪುಟವನ್ನು ವಾಟ್ಸಾಪಲ್ಲಿ ಕಳಿಸಿದೆ. ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ.

ಬಜ್ಪೆ ಬಾಯಿ · 6:34

ಓದ್ಲಿ ಬಿಡಿ. ಉದ್ದ ಉಂಟಲ್ಲ.

ಪುನರ್ಪುಳಿ ಪ್ರಿಯ · 6:41

ಆರು ಚಾ ಬಿಟ್ಟ ಜಾಗದಲ್ಲಿ ಎಂತ ಕುಡೀತೀರಿ ಈಗ?

ಕಟಪಾಡಿಯವಳು · 6:43

ಎರಡು ಉಳಿಸಿದ್ದೇನೆ ಮಾರಾಯ್ರೆ. ಉಳಿದದ್ದಕ್ಕೆ ನೀರು ಮಜ್ಜಿಗೆ. ಶರಬತ್ತು ಅಲ್ಲ.

ಶಂಕರಪುರದ ಮಲ್ಲಿಗೆ · ಹೊಸ ಸದಸ್ಯೆ · 7:02

ನಾನೇ ಆ ತಂಗಿ.

ಅಕ್ಕ, ಬೆಂಗ್ಳೂರಿಗೆ ಬರುವ ಮೊದಲು ಮೂರು ವರ್ಷ ಅದೇ ಬಸ್ಸಲ್ಲಿ ನಿನ್ನ ಪಕ್ಕದ ಸೀಟಲ್ಲಿ ಕೂತು ಬಂದವಳು ನಾನು. ವಾರಕ್ಕೆರಡು ಸಲ ಮುಲ್ಕಿಯಲ್ಲಿ ಇಳೀತಿದ್ದಿ. ಮಲ್ಲಿಗೆ ತಗೊಳ್ತೇನೆ, ನೀನು ಹೋಗು ಅಂತ. ಶಂಕರಪುರ ಮಲ್ಲಿಗೆ ಮನೆ ಬಾಗಿಲಲ್ಲಿ ಬೆಳೆಯುವಾಗ ಮುಲ್ಕಿಯಲ್ಲಿ ಇಳಿದು ಹೂ ತಗೊಳ್ಳುವವಳು ನೀನೊಬ್ಳೇ ಇರ್ಬೇಕು. ನಿಂಗೆ ಅಲ್ಲಿ ಯಾರೋ ಸಾಲ ಕೊಡ್ಲಿಕ್ಕುಂಟು, ವಸೂಲಿಗೆ ಹೋಗ್ತಿ, ಭಾವನಿಗೆ ಗೊತ್ತಾಗ್ಬಾರ್ದು ಅಂತ ನಾನು ಅಂದ್ಕೊಂಡಿದ್ದೆ.

ಆಪರೇಷನ್ ಮಾಡಿಸ್ಕೊಳ್ತೇನೆ, ಅದಕ್ಕೆ ನೀನು ಹೆದರ್ಬೇಡ. ಅಮ್ಮನನ್ನು ನಾನೂ ನೋಡಿದ್ದೇನೆ. ಡಾಕ್ಟರಿಗೆ ಕೇಳುವ ಪ್ರಶ್ನೆ ಇಲ್ಲಿಂದಲೇ ಬರ್ಕೊಂಡೆ, ಒಂದು ಪುಟ ಆಯ್ತು. ಕೆಗೆಲ್ ಯಾವುದು ಅಂತ ಹೂಸಿನ ಉದಾಹರಣೆಯಲ್ಲಿ ಗೊತ್ತಾಯ್ತು, ಫಿಸಿಯೊ ಅಕ್ಕನಿಗೆ ಥ್ಯಾಂಕ್ಸ್.

ಬಸಳೆಬಳ್ಳಿ · 7:04

ಅಯ್ಯೋ ದೇವರೇ, ಮಲ್ಲಿಗೆ!

ಕಟಪಾಡಿಯವಳು · 7:06

ಸಾಲ ಅಲ್ಲ ಮಾರಾಯ್ತಿ. ಫೋನ್ ಎತ್ತು.

ಕುಂದಾಪ್ರದ್ ಹೆಣ್ · 7:15

ಎತ್ತಿದ್ಳಾ?

ಕಟಪಾಡಿಯವಳು · 7:16

ಎಂಗೇಜ್ ಬರ್ತಾ ಉಂಟು. ಅವಳೂ ನನಗೇ ಮಾಡ್ತಿರ್ಬೇಕು.